ಆರೂವರೆ ಇಂಚಿನ ಲೆಕ್ಕ: ಥುಕ್ಬಾದಿಂದ ಬಂದ ಒಂದು ಪ್ರಶ್ನೆ

ಇವತ್ತಿನ ಸಂಚಿಕೆ ಶುರುವಾಗೋದು ಒಂದು ವಾಯ್ಸ್ ಮೆಸೇಜಿನಿಂದ. ಬಂದಿದ್ದು ಸೌದಿ ಅರೇಬಿಯಾದ ಥುಕ್ಬಾದಿಂದ. ಭೂಪಟದಲ್ಲಿ ಹುಡುಕುವವರಿಗೆ ಗುರುತು ಹೇಳ್ತೇನೆ. ಸೌದಿಯ ಪೂರ್ವ ಕರಾವಳಿಯಲ್ಲಿ ಅಲ್ ಖೋಬರ್ ಅಂತ ಊರಿದೆ, ಬಹ್ರೇನಿಗೆ ಹೋಗುವ ಸಮುದ್ರದ ಮೇಲಿನ ರಸ್ತೆ ಹೊರಡೋದು ಅಲ್ಲಿಂದಲೇ. ಆ ಖೋಬರಿಗೆ ಅಂಟಿಕೊಂಡೇ ಇರೋದು ಥುಕ್ಬಾ. ಪಕ್ಕದ ದಹ್ರಾನಿನಲ್ಲಿ 1938ರಲ್ಲಿ, ದಮ್ಮಾಮ್ ಏಳನೇ ಬಾವಿಯಲ್ಲಿ ಎಣ್ಣೆ ಉಕ್ಕಿದ ಮೇಲೆ ಬೆಳೆದ ಊರುಗಳ ಸಾಲು ಇದು. ನಮ್ಮ ಕರಾವಳಿಯವರು ಬಹಳ ವರ್ಷಗಳಿಂದ ದುಡಿಯುತ್ತಿರುವ ಜಾಗ.

ಕಳಿಸಿದವರ ಹೆಸರು ಹೇಳೋದಿಲ್ಲ. ಅವರ ಮಾತನ್ನು ಮಾತ್ರ ಇದ್ದ ಹಾಗೇ ಬರೆದುಕೊಂಡಿದ್ದೇವೆ:

"ಸರ್, ನಮಸ್ಕಾರ. ನನ್ನದು ಎಸಿ ರಿಪೇರಿ ಕೆಲಸ, ಥುಕ್ಬಾದಲ್ಲಿ ರೂಮು. ಊರು ಬಂಟ್ವಾಳದ ಹತ್ತಿರ. ಐವತ್ತೆರಡು ವರ್ಷ ಆಯ್ತು. ಹೋದ ತಿಂಗಳು ಊರಿಗೆ ದುಡ್ಡು ಕಳಿಸಲಿಕ್ಕಿತ್ತು. ತಮ್ಮ ಪಾಸ್‌ಬುಕ್ಕಿನ ಫೋಟೊ ತೆಗೆದು ಕಳಿಸಿದ. ಅಕೌಂಟ್ ನಂಬರಿನಲ್ಲಿ ಮೂರು ಇದ್ದದ್ದು ನನಗೆ ಎಂಟು ಅಂತ ಕಂಡಿತು. ದುಡ್ಡು ವಾಪಸು ಬಂತು, ಇಲ್ಲ ಅಂತ ಅಲ್ಲ, ಆದ್ರೆ ಆರು ದಿನ ಹೋಯ್ತು. ಅಮ್ಮ ಆಸ್ಪತ್ರೆಯಲ್ಲಿ ಇದ್ದ ಹೊತ್ತು ಅದು. ತಮ್ಮ ಯಾರ್ಯಾರ ಹತ್ರ ಕೈಸಾಲ ಮಾಡಿದ. ರೂಮಿನ ಹುಡುಗರು ಹೇಳ್ತಾರೆ, ಅಣ್ಣ, ನಿಮ್ಮ ಫೋನು ಸಣ್ಣದು ಮಾರಾಯ್ರೆ, ದೊಡ್ಡ ಸ್ಕ್ರೀನಿಂದು ತಕ್ಕೊಳ್ಳಿ ಅಂತ. ನನ್ನ ಹತ್ರ ಇರುವುದು ಐದೂವರೆ ಇಂಚಿಂದು, ಹಳತು. ಆರೂವರೆ ಇಂಚಿಂದು ತಕ್ಕೊಂಡ್ರೆ ಅಕ್ಷರ ದೊಡ್ಡ ಕಾಣ್ತದಾ? ಎರಡು ತಿಂಗಳು ಉಳಿಸಿದ ದುಡ್ಡು ಉಂಟು. ಹಾಗಾಗಿ ಕೇಳಿದ್ದು."

ಒಂದೇ ಮಾತಿನಲ್ಲಿ ಉತ್ತರ ಬೇಕಾದರೆ, ಇಲ್ಲ ಅಣ್ಣ, ಕಾಣೋದಿಲ್ಲ. ಆರೂವರೆ ಇಂಚಿನ ಫೋನಿನಲ್ಲಿ ಆ ಪಾಸ್‌ಬುಕ್ಕಿನ ಫೋಟೊ ಈಗ ಕಾಣುವುದಕ್ಕಿಂತ ಒಂದು ಕೂದಲೆಳೆಯಷ್ಟು ಸಣ್ಣದಾಗಿಯೇ ಕಾಣಬಹುದು. ನಂಬೋಕೆ ಕಷ್ಟ ಅಲ್ವಾ? ಒಂದು ಇಂಚು ಜಾಸ್ತಿ ಕೊಟ್ಟು ಸಣ್ಣ ಚಿತ್ರ ಹೇಗೆ ಸಿಗುತ್ತೆ? ಅದಕ್ಕೆ ಹೈಸ್ಕೂಲಿನ ಪೈಥಾಗೊರಸ್‌ನನ್ನ ಸ್ವಲ್ಪ ಹೊತ್ತು ಕರೆಯಬೇಕು.

ಅಂಗಡಿಯಲ್ಲಿ ಹೇಳುವ ಇಂಚು ಪರದೆಯ ಉದ್ದವೂ ಅಲ್ಲ, ಅಗಲವೂ ಅಲ್ಲ. ಅದು ಕರ್ಣ. ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಗೆರೆ. ಕರ್ಣ ಒಂದೇ ಇದ್ದರೂ ಆಯತದ ಆಕಾರ ಬೇರೆ ಇರಬಹುದು. ಚಪ್ಪಟೆ ಮಣೆಯ ಹಾಗಿರಬಹುದು, ಲಟ್ಟಣಿಗೆಯ ಹಾಗೂ ಇರಬಹುದು. ಹತ್ತು ವರ್ಷದ ಹಿಂದಿನ ಫೋನುಗಳು ಹೆಚ್ಚಾಗಿ 16:9 ಅನ್ನುವ ಅನುಪಾತದಲ್ಲಿದ್ದವು. ಅಂದ್ರೆ ಉದ್ದ 16 ಪಾಲಾದರೆ ಅಗಲ 9 ಪಾಲು. ಈಗಿನವು ಹೆಚ್ಚಾಗಿ 20:9, ಅಥವಾ ಅದಕ್ಕೆ ಹತ್ತಿರ. ಲೆಕ್ಕ ಹಾಕಿ ನೋಡಿ. ಐದೂವರೆ ಇಂಚಿನ ಹಳೇ ಪರದೆಯ ಅಗಲ 68.5 ಮಿಲಿಮೀಟರ್, ಉದ್ದ ಸುಮಾರು 122. ಆರೂವರೆ ಇಂಚಿನ ಹೊಸ ಪರದೆಯ ಉದ್ದ ಸುಮಾರು 151 ಮಿಲಿಮೀಟರ್, ಆದರೆ ಅಗಲ 67.7. ಹೆಚ್ಚಾದ ಆ ಒಂದು ಇಂಚು ಪೂರ್ತಿ ಉದ್ದಕ್ಕೇ ಹೋಯಿತು. ಅಗಲದಲ್ಲಿ ಮುಕ್ಕಾಲು ಮಿಲಿಮೀಟರ್ ಕಳಕೊಂಡಿದ್ದೇವೆ.

ಪಾಸ್‌ಬುಕ್ಕಿನ ಫೋಟೊ ಅಡ್ಡ ಫೋಟೊ. ಫೋನನ್ನು ನೆಟ್ಟಗೆ ಹಿಡಿದರೆ ಅದು ಪರದೆಯ ಅಗಲಕ್ಕೆ ಸರಿಯಾಗಿ ಕೂರುತ್ತೆ, ಮೇಲೆ ಕೆಳಗೆ ಕಪ್ಪು ಜಾಗ. ಫೋನನ್ನು ಅಡ್ಡ ತಿರುಗಿಸಿದರೂ ಕತೆ ಬದಲಾಗಲ್ಲ. ಈಗ ಎತ್ತರವೇ 67.7, ಚಿತ್ರ ಅದಕ್ಕಿಂತ ದೊಡ್ಡದಾಗೋಕಾಗಲ್ಲ, ಎಡಬಲದಲ್ಲಿ ಕಪ್ಪು ಪಟ್ಟಿ. ಟಿವಿ ಆಕಾರದ ವಿಡಿಯೊ ಆದ್ರೂ ಅಷ್ಟೇ. ಆರೂವರೆ ಇಂಚಿನ ಈ ಪರದೆಯಲ್ಲಿ ಅದು ನಿಜವಾಗಿ ತುಂಬುವ ಜಾಗದ ಕರ್ಣ ಅಳೆದರೆ ಸುಮಾರು 5.4 ಇಂಚು ಬರುತ್ತೆ. ನಿಮ್ಮ ಹಳೇ ಫೋನಿನಷ್ಟೇ.

ಇದು ಮೋಸ ಅಂತ ನಾನು ಹೇಳ್ತಿಲ್ಲ. ಕಾರಣ ಇರೋದು ನಮ್ಮ ಅಂಗೈಯಲ್ಲೇ. 2011ರ ಸೆಪ್ಟೆಂಬರಿನಲ್ಲಿ ಬರ್ಲಿನ್ನಿನ ಮೇಳದಲ್ಲಿ ಸ್ಯಾಮ್‌ಸಂಗ್ ಮೊದಲ ಗ್ಯಾಲಕ್ಸಿ ನೋಟ್ ತೋರಿಸಿದಾಗ ಅದರ ಪರದೆ 5.3 ಇಂಚು. ಕಿವಿಗೆ ಸ್ಲೇಟು ಹಿಡಿದ ಹಾಗಿದೆ ಅಂತ ನಕ್ಕವರಲ್ಲಿ ನಾನೂ ಒಬ್ಬ. ಅದರ ಆಕಾರ 16:10, ಆ ಲೆಕ್ಕಕ್ಕೆ ಪರದೆಯ ಅಗಲ ಸುಮಾರು 71 ಮಿಲಿಮೀಟರ್. ಹದಿಮೂರು ವರ್ಷ ಕಳೆದು 2024ರಲ್ಲಿ ಅದೇ ಕಂಪನಿಯ ಎಸ್ 24 ಅಲ್ಟ್ರಾ ಬಂತು, 6.8 ಇಂಚು. ಅದರ ಪರದೆಯ ಅಗಲ ಎಷ್ಟು? ಸುಮಾರು 72. ಹದಿಮೂರು ವರ್ಷದಲ್ಲಿ ಕರ್ಣ ಒಂದೂವರೆ ಇಂಚು ಬೆಳೀತು, ಅಗಲ ಬೆಳೆದಿದ್ದು ಒಂದೇ ಒಂದು ಮಿಲಿಮೀಟರ್! ಮನುಷ್ಯರ ಕೈ ಬೆಳೆಯಲಿಲ್ಲ ನೋಡಿ. ಕೈಗೆ ಸಿಗುವಷ್ಟೇ ಅಗಲ ಇಟ್ಟುಕೊಂಡು ಇಂಚು ಏರಿಸಬೇಕಾದರೆ ಉಳಿದಿದ್ದು ಉದ್ದ ಮಾಡುವ ದಾರಿ ಒಂದೇ.

ಹಾಗಾದರೆ ಉದ್ದದ ಪರದೆಯಿಂದ ಲಾಭವೇ ಇಲ್ವಾ? ಇದೆ. ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರದ ಗಾತ್ರ ಹೆಚ್ಚಿಸಿ ನೋಡಿ. ಕನ್ನಡದಲ್ಲಿ ಓದುವವರಿಗೆ ಇದು ತಕ್ಷಣ ಗೊತ್ತಾಗುತ್ತೆ. ನಮ್ಮ ಪದಗಳು ಉದ್ದ, ಜೊತೆಗೆ ಒತ್ತಕ್ಷರ ಕೆಳಗೆ ಇಳಿಯುತ್ತೆ. 'ಲಕ್ಷ್ಮಿ' ಅಂತ ಬರೆದರೆ ಸಾಲಿನ ಕೆಳಗೆ ಇನ್ನೊಂದು ಮಹಡಿಯೇ ಬೇಕು. ಅಕ್ಷರ ದೊಡ್ಡದು ಮಾಡಿದಾಗ ಹಳೇ ಫೋನಿನಲ್ಲಿ ಆರೇಳು ಸಾಲು ಕಂಡರೆ, ಉದ್ದದ್ದರಲ್ಲಿ ಇನ್ನೂ ಒಂದೆರಡು ಸಾಲು ಜಾಸ್ತಿ ಕಾಣುತ್ತೆ. ಅಕ್ಷರ ದೊಡ್ಡದಾಗೋದು ಸೆಟ್ಟಿಂಗ್‌ನಿಂದ, ಪರದೆಯಿಂದ ಅಲ್ಲ. ಹಾಗೆ ದೊಡ್ಡದು ಮಾಡಿದರೂ ಮಾತಿನ ಎಳೆ ತಪ್ಪದ ಹಾಗೆ ಸಾಲುಗಳಿಗೆ ಜಾಗ ಕೊಡೋದು ಉದ್ದದ ಪರದೆ. (ಆಂಡ್ರಾಯ್ಡಿನಲ್ಲಿ ಕನ್ನಡ ಅಕ್ಷರವೇ ಬಾರದೆ ಬರೀ ಚೌಕಗಳು ಕಾಣುತ್ತಿದ್ದ ಕಾಲ ನೆನಪಿದೆಯಾ? 2012ರಲ್ಲಿ ಆಂಡ್ರಾಯ್ಡ್ 4.1 ಬರುವ ತನಕ ಅದೇ ಗತಿ.)

ಇನ್ನು ಪಿಕ್ಸೆಲ್. ಅಂಗಡಿಯವರು ಇಂಚು ಮುಗಿದ ಮೇಲೆ ಇದನ್ನೇ ಹೇಳ್ತಾರೆ. ಚೆನ್ನಾಗಿರುವ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸೂಕ್ಷ್ಮವನ್ನು ಬಿಡಿಸಿ ನೋಡಬಲ್ಲದು. ಮೂವತ್ತು ಸೆಂಟಿಮೀಟರ್ ದೂರದಲ್ಲಿ ಇದು ಮಿಲಿಮೀಟರಿನ ನೂರರಲ್ಲಿ ಒಂಬತ್ತು ಭಾಗ. ಇಂಚಿಗೆ ಸುಮಾರು 290 ಚುಕ್ಕಿ ಇದ್ದರೆ ಚುಕ್ಕಿಗಳು ಬಿಡಿಬಿಡಿಯಾಗಿ ಕಾಣಲ್ಲ ಅಂತ ಅರ್ಥ. 6.7 ಇಂಚಿನ ಪರದೆಯಲ್ಲಿ 1080 ಗುಣಿಸು 2400 ಪಿಕ್ಸೆಲ್ ಇದ್ದರೆ ಇಂಚಿಗೆ 393 ಬರುತ್ತೆ, ಧಾರಾಳ ಸಾಕು. ಅದೇ ಗಾತ್ರದಲ್ಲಿ 720 ಗುಣಿಸು 1600 ಮಾತ್ರ ಇದ್ದರೆ 262, ಕೊಂಚ ಕಡಿಮೆ. ಕಡಿಮೆ ಬೆಲೆಯ ದೊಡ್ಡ ಫೋನುಗಳಲ್ಲಿ ಈ ಎರಡನೆಯದೇ ಜಾಸ್ತಿ. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು ಅಷ್ಟೇ ಅಲ್ವಾ, ಸಣ್ಣ ಅಕ್ಷರದಲ್ಲಿ ಆ ಸೀಳಿಗೆ ಸಿಗೋದು ಒಂದೆರಡು ಪಿಕ್ಸೆಲ್. ಹಾಗಾಗಿ ಕನ್ನಡ ಓದುವವರು 1080 ಇರುವುದನ್ನು ಕೇಳಿ ತಕ್ಕೊಳ್ಳಿ. ಅದಕ್ಕೂ ಮೇಲಿನದಕ್ಕೆ ದುಡ್ಡು ಕೊಡಬೇಡಿ, ಕಣ್ಣು ಅದನ್ನ ನೋಡೋದೇ ಇಲ್ಲ.

ಒಂದು ಮಾತು. ಮೆಸೇಜಿನಲ್ಲಿ ಬರುವ ಫೋಟೊ ಸಾಮಾನ್ಯವಾಗಿ ಕುಗ್ಗಿಸಿದ ಫೋಟೊ. ಮೂರರ ಎಡಗಡೆಯ ಬಾಯಿ ಅಲ್ಲೇ ಮುಚ್ಚಿಹೋಗಿದ್ದರೆ ಎಂಥ ಪರದೆಯೂ ಅದನ್ನು ತೆರೆಯಲಾರದು. ತಮ್ಮನಿಗೆ ಹೇಳಿ, ಅಕೌಂಟ್ ನಂಬರನ್ನೂ ಐಎಫ್‌ಎಸ್‌ಸಿ ಕೋಡನ್ನೂ ಟೈಪ್ ಮಾಡಿ ಕಳಿಸು ಮಾರಾಯ ಅಂತ. ಕಾಪಿ, ಪೇಸ್ಟ್. ಇದಕ್ಕೆ ಒಂದು ರಿಯಾಲೂ ಖರ್ಚಿಲ್ಲ.

ಈಗ ಅಸಲು ವಿಷಯಕ್ಕೆ ಬರ್ತೇನೆ. ಮೆಸೇಜು ಕೇಳಿದಾಗ ನನ್ನ ಕಿವಿಗೆ ಮೊದಲು ಬಿದ್ದದ್ದು ಇಂಚು ಅಲ್ಲ, ಐವತ್ತೆರಡು ವರ್ಷ ಅನ್ನೋದು. ನಮ್ಮ ಭಾಷೆಯಲ್ಲಿ ಇದಕ್ಕೆ ಒಳ್ಳೇ ಪದ ಇದೆ, ಚಾಳೀಸು. ಚಾಳೀಸ್ ಅಂದ್ರೆ ನಲವತ್ತು. ನಲವತ್ತಕ್ಕೆ ಬರುವ ಕನ್ನಡಕಕ್ಕೂ ಅದೇ ಹೆಸರು. ಕಣ್ಣಿನೊಳಗಿನ ಮಸೂರ ಚಿಕ್ಕಂದಿನಲ್ಲಿ ಮೆತ್ತಗಿರುತ್ತೆ. ಹತ್ತಿರದ್ದನ್ನು ನೋಡುವಾಗ ಉಬ್ಬಿ ದಪ್ಪಗಾಗುತ್ತೆ. ವಯಸ್ಸಾದ ಹಾಗೆ ಅದು ಗಟ್ಟಿಯಾಗುತ್ತೆ, ಉಬ್ಬೋದು ಕಮ್ಮಿಯಾಗುತ್ತೆ. ಆಗ ಓದೋಕೆ ನಾವು ಏನು ಮಾಡ್ತೇವೆ? ಫೋನನ್ನು ದೂರ ಹಿಡೀತೇವೆ. ಕೈ ಪೂರ್ತಿ ಚಾಚಿ, ಗಲ್ಲ ಹಿಂದೆ ಎಳೆದು. ಬಸ್ಸಿನಲ್ಲಿ ನೋಡಿರ್ತೀರಿ.

ದೂರ ಎರಡರಷ್ಟಾದರೆ ಕಣ್ಣಿಗೆ ಬೀಳುವ ಬಿಂಬ ಅರ್ಧ ಆಗುತ್ತೆ. ಮೂವತ್ತು ಸೆಂಟಿಮೀಟರಿನಲ್ಲಿ ಓದುತ್ತಿದ್ದವರು ಅರವತ್ತಕ್ಕೆ ಹಿಡಿದರೆ, ಆರೂವರೆ ಇಂಚಿನ ಪರದೆ ಅವರ ಕಣ್ಣಿಗೆ ಮೂರೂಕಾಲು ಇಂಚಿನ ಪರದೆ. 2007ರಲ್ಲಿ ಬಂದ ಮೊಟ್ಟಮೊದಲ ಐಫೋನಿನದ್ದು ಮೂರೂವರೆ ಇಂಚು! ಅಂದ್ರೆ ಎರಡು ತಿಂಗಳ ಉಳಿತಾಯ ಕೊಟ್ಟು ಹೊಸ ಫೋನು ತಂದು, ಕೈ ಚಾಚಿ ಹಿಡಿದು, 2007ಕ್ಕಿಂತ ಹಿಂದಕ್ಕೆ ಹೋದ ಹಾಗಾಯಿತು.

ಓದುವ ಕನ್ನಡಕ ಹಾಕಿದರೆ ಅದೇ ಹಳೇ ಫೋನು ಮತ್ತೆ ಮೂವತ್ತು-ನಲವತ್ತು ಸೆಂಟಿಮೀಟರಿಗೆ ಬರುತ್ತೆ. ಹಾಗಾಗಿ ಅಣ್ಣ, ಫೋನಿನ ಅಂಗಡಿಗೆ ಹೋಗೋ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ರಸ್ತೆಬದಿಯಲ್ಲಿ ಸಿಗುವ ರೆಡಿ ಕನ್ನಡಕ ಬೇಡ, ಎರಡು ಕಣ್ಣಿನ ನಂಬರು ಬೇರೆಬೇರೆ ಇರಬಹುದು. ಮೂರು ಎಂಟಾಗಿ ಕಾಣೋದಕ್ಕೆ ಚಾಳೀಸೇ ಕಾರಣ ಅಂತಲೂ ಇಲ್ಲಿ ಕೂತು ಹೇಳೋಕಾಗಲ್ಲ. ವರ್ಷಗಟ್ಟಲೆ ಬಿಸಿಲಿನಲ್ಲಿ ಕೆಲಸ ಮಾಡಿದವರಿಗೆ ಪೊರೆ ಬೇಗ ಬರಬಹುದು, ಸಕ್ಕರೆ ಕಾಯಿಲೆ ಇದ್ದರೆ ಅದರ ತೊಂದರೆಯೂ ಕಣ್ಣಿಗೇ ಬರುತ್ತೆ. ಡಾಕ್ಟರು ನೋಡಿಯೇ ಹೇಳಬೇಕು.

ಇಷ್ಟಾದ ಮೇಲೂ ಹೊಸ ಫೋನು ಬೇಕು ಅಂದ್ರೆ ಬೇಡ ಅನ್ನೋಕೆ ನಾನ್ಯಾರು. ಹಳೇ ಫೋನಿಗೆ ಅಪ್‌ಡೇಟ್ ನಿಂತಿರುತ್ತೆ, ಬ್ಯಾಂಕಿನ ಆಪು, ಇಕಾಮಾ ನೋಡುವ ಅಬ್ಶರ್ ಇಂಥವು ಇವತ್ತಲ್ಲ ನಾಳೆ ಓಡಲ್ಲ ಅನ್ನುತ್ತವೆ. ಆದರೆ ಥುಕ್ಬಾದಲ್ಲಿ ದೊಡ್ಡ ಫೋನನ್ನು ಸಾಕೋದು ಬೆಂಗಳೂರಿನಲ್ಲಿ ಸಾಕಿದ ಹಾಗಲ್ಲ.

ಮೊದಲು ಬೆಳಕು. ಎಸಿಯ ಹೊರಗಿನ ಯೂನಿಟ್ಟು ಇರೋದು ತಾರಸಿ ಮೇಲೆ, ನಡುಹಗಲಿನ ಬಿಸಿಲಲ್ಲಿ. ನೇರ ಬಿಸಿಲಿಗೆ ನಿಂತ ಬಿಳಿ ಅಂಗಿ ಎಷ್ಟು ಹೊಳೆಯುತ್ತೆ ಗೊತ್ತಾ? ಪರದೆಯ ಹೊಳಪು ಅಳೆಯುವ ನಿಟ್ ಅನ್ನುವ ಅಳತೆಯಲ್ಲಿ ಹೇಳಿದರೆ ಸುಮಾರು 25,000. ಫೋನಿನ ಗಾಜು ತನ್ನ ಮೇಲೆ ಬಿದ್ದ ಬೆಳಕಿನ ನಾಲ್ಕು ಪಾಲಿನಷ್ಟನ್ನು, ನೂರಕ್ಕೆ ನಾಲ್ಕು, ವಾಪಸು ಕಳಿಸುತ್ತೆ. ಅಂದ್ರೆ ನಿಮ್ಮದೇ ಅಂಗಿಯ ಪ್ರತಿಬಿಂಬ ಪರದೆಯ ಮೇಲೆ 1,000 ನಿಟ್ ಹೊಳಪಿನಲ್ಲಿ ಕೂತಿರುತ್ತೆ. ಫೋನಿನ ಹೊಳಪು ಬರೀ 500 ಇದ್ದರೆ ಅಕ್ಷರ ಆ ಬಿಳಿಯಲ್ಲಿ ಮುಳುಗಿ ಹೋಗುತ್ತೆ. ಗಾಢ ಬಣ್ಣದ ಅಂಗಿ ಹಾಕಿದರೆ ಓದೋದು ಸುಲಭ ಅಂದ್ರೆ ನಗಬೇಡಿ, ಭೌತಶಾಸ್ತ್ರ ಹಾಗೇ ಹೇಳುತ್ತೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎಲ್ಲಾ ಫೋನೂ ಚೆಂದ ಕಾಣುತ್ತೆ. ಬಾಗಿಲಾಚೆ ತಂದು ನೋಡ್ತೇನೆ ಅಂತ ಕೇಳಿ.

ಆಮೇಲೆ ಸೆಕೆ. ಐಫೋನುಗಳನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಒಳಗೆ ಬಳಸಿ ಅಂತ ಆಪಲ್ ಹೇಳುತ್ತೆ. ಖೋಬರ್ ಸುತ್ತ ಬೇಸಿಗೆಯಲ್ಲಿ 45 ದಾಟೋದು ಹೊಸತಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದು ಅಂತ ಸೌದಿಯಲ್ಲಿ ನಿಯಮವೇ ಇದೆ. ಮನುಷ್ಯನಿಗೆ ಆ ರಜೆ, ಫೋನಿಗೆ ಇಲ್ಲ. ಕಾವೇರಿದಾಗ ಫೋನು ಮೊದಲು ಪರದೆಯ ಹೊಳಪನ್ನು ತಾನೇ ಇಳಿಸಿಕೊಳ್ಳುತ್ತೆ. ಬಿಸಿಲಲ್ಲಿ ಹೊಳಪು ಬೇಕಾದ ಹೊತ್ತಿಗೇ ಮಂಕಾಗುತ್ತೆ. ಹಾಳಾಗಿದೆ ಅಂದುಕೊಳ್ಳಬೇಡಿ, ಅದು ತನ್ನನ್ನು ಉಳಿಸಿಕೊಳ್ಳುವ ಉಪಾಯ. ನಿಜವಾದ ಹಾನಿ ಬ್ಯಾಟರಿಯೊಳಗೆ. ಲಿಥಿಯಂ ಬ್ಯಾಟರಿಯಲ್ಲಿ ಬೇಡದ ರಾಸಾಯನಿಕ ಕ್ರಿಯೆಗಳು ಸದಾ ನಿಧಾನವಾಗಿ ನಡೀತಾನೇ ಇರ್ತವೆ, ಶಾಖ ಅವನ್ನು ಓಡಿಸುತ್ತೆ. ಪೂರ್ತಿ ಚಾರ್ಜ್ ಆಗಿರುವಾಗ ಕಾವೇರಿದರೆ ಇನ್ನೂ ಕೆಡುಕು. ವ್ಯಾನಿನ ಡ್ಯಾಶ್‌ಬೋರ್ಡಿನ ಮೇಲೆ, ಚಾರ್ಜಿಗೆ ಹಾಕಿ, ದಾರಿ ತೋರಿಸೋಕೆ ಮ್ಯಾಪು ಹಚ್ಚಿ ಇಡೋದಿದೆಯಲ್ಲ, ಬ್ಯಾಟರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಎಸಿ ಕಿಂಡಿಯ ಎದುರು ಸಿಕ್ಕಿಸಿ. ಹಿಂದಿನ ಕವಚ ಉಬ್ಬಿದ ಹಾಗೆ ಕಂಡರೆ ಮಾತ್ರ ಚಾರ್ಜಿಗೆ ಹಾಕದೆ ಸೀದಾ ರಿಪೇರಿಗೆ ಒಯ್ಯಿರಿ.

ಕಪ್ಪು ಹಿನ್ನೆಲೆ, ಡಾರ್ಕ್ ಮೋಡ್, ಬ್ಯಾಟರಿ ಉಳಿಸುತ್ತಾ ಅಂತ ಬಹಳ ಮಂದಿ ಕೇಳ್ತಾರೆ. ಓಎಲ್‌ಇಡಿ ಪರದೆಯಲ್ಲಿ ಮಾತ್ರ ಉಳಿಸುತ್ತೆ, ಅಲ್ಲಿ ಪ್ರತಿ ಚುಕ್ಕಿಯೂ ಒಂದು ದೀಪ, ಕಪ್ಪು ಅಂದ್ರೆ ದೀಪ ಆರಿದ ಹಾಗೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಅಳೆದು ನೋಡಿದರು: ಹೊಳಪು 30ರಿಂದ 50 ಶೇಕಡಾ ಇದ್ದಾಗ ಉಳಿಯೋದು ಬರೀ 3ರಿಂದ 9 ಶೇಕಡಾ. ಹೊಳಪು ಪೂರ್ತಿ ಏರಿಸಿದಾಗ 39ರಿಂದ 47. ಅಂದ್ರೆ ರಾತ್ರಿ ರೂಮಿನಲ್ಲಿ ಅದರಿಂದ ಹೆಚ್ಚೇನೂ ಸಿಗೋದಿಲ್ಲ, ಲಾಭ ಇರೋದು ಹಗಲಿನಲ್ಲಿ. ಆದರೆ ಬಿಸಿಲಲ್ಲಿ ಕಪ್ಪಿನ ಮೇಲೆ ಬಿಳಿ ಅಕ್ಷರ ಓದೋದು ಕಷ್ಟ. ಎರಡೂ ಬೇಕು ಅಂದ್ರೆ ನೆರಳಿಗೆ ಹೋಗಬೇಕು, ಅಷ್ಟೇ.

ಮೂರನೆಯದು ನೀರು. ಅಲ್ಲಿ ಮಳೆ ಎಲ್ಲಿದೆ ಅಂತೀರಾ? ಗಾಳಿಯಲ್ಲೇ ಇದೆ. 2003ರ ಜುಲೈ 8ರಂದು ಪಕ್ಕದ ದಹ್ರಾನಿನಲ್ಲಿ ಇಬ್ಬನಿ ಬಿಂದು 35 ಡಿಗ್ರಿ ದಾಖಲಾಯಿತು. ಜಗತ್ತಿನಲ್ಲೇ ಅತಿ ಹೆಚ್ಚು ಅಂತ ಇವತ್ತಿಗೂ ಹೆಸರಿಸೋದು ಅದನ್ನೇ. ಇಬ್ಬನಿ ಬಿಂದು ಅಂದ್ರೆ, ಆ ತಾಪಕ್ಕಿಂತ ತಣ್ಣಗಿರುವ ಯಾವ ವಸ್ತುವನ್ನು ಇಟ್ಟರೂ ಅದರ ಮೇಲೆ ಗಾಳಿಯ ಆವಿ ನೀರಾಗಿ ಕೂರುತ್ತೆ. ಇದನ್ನ ಎಸಿ ರಿಪೇರಿ ಮಾಡುವವರಿಗೆ ನಾನು ಹೇಳಿಕೊಡಬೇಕಾ? ಒಳಗಿನ ಕಾಯಿಲಿನ ಮೇಲೆ ನೀರು ಕೂತು ಪೈಪಿನಲ್ಲಿ ತೊಟ್ಟಿಕ್ಕುವುದೂ ಇದೇ. 22 ಡಿಗ್ರಿಯ ಕೋಣೆಯಿಂದ ತಣ್ಣಗಿನ ಫೋನನ್ನು ಜೇಬಿನಲ್ಲಿಟ್ಟು ತಾರಸಿಗೆ ಹೋದರೆ ಫೋನೇ ಒಂದು ಕಾಯಿಲ್. ಕ್ಯಾಮೆರಾ ಮಂಜಾಗುತ್ತೆ, ಪರದೆ ಒದ್ದೆಯಾಗುತ್ತೆ. ಪರದೆ ನಮ್ಮ ಬೆರಳನ್ನು ಗುರುತಿಸೋದು ಬೆರಳಿನ ವಿದ್ಯುತ್ ಗುಣದಿಂದ, ನೀರಿಗೂ ಆ ಗುಣ ಇದೆ. ಹಾಗಾಗಿ ಹನಿ ಇದ್ದಾಗ ನೀವು ಒತ್ತಿದ್ದೊಂದು, ಅದು ಓದಿದ್ದೊಂದು. ದುಡ್ಡು ಕಳಿಸುವ ಕೆಲಸ ಆ ಹೊತ್ತಿಗೆ ಬೇಡ. ಐದು ಹತ್ತು ನಿಮಿಷ ಬಿಟ್ಟರೆ ಫೋನು ಹೊರಗಿನ ತಾಪಕ್ಕೆ ಬರುತ್ತೆ, ಆಮೇಲೆ ಬಟ್ಟೆಯಲ್ಲಿ ಒರೆಸಿ. ಮಡಚುವ ಫೋನುಗಳ ಬಗ್ಗೆ ಹುಡುಗರು ಆಸೆ ಹುಟ್ಟಿಸಬಹುದು. ಮರಳು ಗಾಳಿ ಬೀಸುವ ಊರಿನಲ್ಲಿ ಕೀಲಿರುವ ಫೋನು ನನಗಂತೂ ಧೈರ್ಯ ಇಲ್ಲ.

ಭಾರದ ವಿಷಯ. 2014ರ ಐಫೋನ್ 6 ಪ್ಲಸ್, ಐದೂವರೆ ಇಂಚಿನದ್ದು, 172 ಗ್ರಾಂ ಇತ್ತು. ಎಸ್ 24 ಅಲ್ಟ್ರಾ 232 ಗ್ರಾಂ. ಅರವತ್ತು ಗ್ರಾಂ ಏನು ಮಹಾ ಅನ್ನಿಸಬಹುದು. ಆದರೆ ಉದ್ದದ ಫೋನನ್ನು ಕೆಳತುದಿಯಲ್ಲಿ ಹಿಡಿಯುವಾಗ ಭಾರದ ಮಧ್ಯಬಿಂದು ಬೆರಳಿನಿಂದ ಮೇಲೆ ಹೋಗುತ್ತೆ, ಸನ್ನೆಗೋಲಿನ ಹಾಗೆ ಮಣಿಕಟ್ಟನ್ನು ತಿರುಚುತ್ತೆ. 2013ರಲ್ಲಿ ಸ್ಟೀವನ್ ಹೂಬರ್ ಅನ್ನುವ ವಿನ್ಯಾಸಕಾರ ಬೀದಿ, ಬಸ್ಸು, ಕೆಫೆಗಳಲ್ಲಿ ಜನ ಫೋನು ಹಿಡಿಯೋದನ್ನು 1,333 ಸಲ ಗಮನಿಸಿ ಬರೆದುಕೊಂಡ. ಪರದೆ ಮುಟ್ಟುತ್ತಿದ್ದವರಲ್ಲಿ 49 ಶೇಕಡಾ ಒಂದೇ ಕೈಯಲ್ಲಿ ಹಿಡಿದಿದ್ದರು. ಆಗಿನ ಫೋನುಗಳಿಗೆ ಅದು ಸರಿ. ಈಗಿನ ಆರೂವರೆ ಇಂಚಿನಲ್ಲಿ ಹೆಬ್ಬೆರಳು ಮೇಲಿನ ಮೂಲೆಗೆ ತಲುಪಲ್ಲ, ತಲುಪಿಸೋಕೆ ಹೋದಾಗಲೇ ಫೋನು ಜಾರೋದು. ಏಣಿಯ ಮೇಲೆ ನಿಂತಾಗ ಎರಡನೇ ಕೈ ಏಣಿಗೆ ಬೇಕು ಅಣ್ಣ. ಫೋನು ಜೇಬಿನಲ್ಲೇ ಇರಲಿ, ರಿಂಗಾದರೆ ಆಗಲಿ. ಹಾಸಿಗೆಯಲ್ಲಿ ಅಂಗಾತ ಮಲಗಿ ನೋಡುವವರ ಮೂಗಿನ ಬಗ್ಗೆ ನಾನೇನೂ ಹೇಳಬೇಕಾಗಿಲ್ಲ, ಒಂದು ಸಲ ಬಿದ್ದರೆ ಅವರಿಗೇ ಗೊತ್ತಾಗುತ್ತೆ.

ತಕ್ಕೊಳ್ಳುವಾಗ ಎರಡು ಸಿಮ್ ಹಾಕೋಕೆ ಆಗುತ್ತಾ ಅಂತ ಖಾತ್ರಿ ಮಾಡ್ಕೊಳ್ಳಿ. ಊರಿನ ಬ್ಯಾಂಕಿನ ಓಟಿಪಿ ಬರೋದು ಊರಿನ ನಂಬರಿಗೆ. ವಾರಂಟಿ ಸೌದಿಗೆ ಮಾತ್ರವಾ, ಊರಲ್ಲೂ ನಡೆಯುತ್ತಾ ಅಂತ ಬಿಲ್ಲು ಹಾಕಿಸೋ ಮೊದಲೇ ಕೇಳಿ.

ಮೆಸೇಜಿನ ಕೊನೆಗೆ ಇನ್ನೊಂದು ಮಾತಿತ್ತು, ಮೊದಲೇ ಹೇಳಲಿಲ್ಲ. ಅಮ್ಮನಿಗೂ ಒಂದು ದೊಡ್ಡ ಫೋನು ಕಳಿಸುವ ಆಲೋಚನೆ ಉಂಟು, ವಿಡಿಯೊ ಕಾಲಿನಲ್ಲಿ ನನ್ನ ಮುಖ ಸರಿಯಾಗಿ ಕಾಣೋದಿಲ್ಲವಂತೆ ಅಂದಿದ್ದರು. ವಿಡಿಯೊ ಕರೆ ಮಾತ್ರ ಉದ್ದದ ಪರದೆಯನ್ನು ತುಂಬಬಲ್ಲದು, ಹಾಗಾಗಿ ಅಮ್ಮನಿಗೆ ದೊಡ್ಡದು ಉಪಯೋಗಕ್ಕೆ ಬಂದೀತು. ಆದರೆ ಆಸ್ಪತ್ರೆಯಿಂದ ಬಂದ ಕೈಗೆ ಇನ್ನೂರು ಚಿಲ್ಲರೆ ಗ್ರಾಂ ಎತ್ತಿ ಹಿಡಿಯೋದು ಭಾರ. ಜೊತೆಗೆ ಒಂದು ಸ್ಟ್ಯಾಂಡು ಕಳಿಸಿ. ಮೇಜಿನ ಮೇಲೆ ನಿಲ್ಲಿಸಿದರೆ ಅವರ ಎರಡೂ ಕೈ ಖಾಲಿ. ಮತ್ತೆ ನೀವು ಕರೆ ಮಾಡುವಾಗ ಟ್ಯೂಬ್‌ಲೈಟಿಗೆ ಬೆನ್ನು ಹಾಕಿ ಕೂರಬೇಡಿ, ಮುಖ ಮಾಡಿ ಕೂತ್ಕೊಳ್ಳಿ. ಬೆಳಕು ಹಿಂದಿದ್ದರೆ ಕ್ಯಾಮೆರಾ ಗೋಡೆಗೆ ಹೊಂದಿಕೊಂಡು ನಿಮ್ಮ ಮುಖವನ್ನು ಕಪ್ಪು ಮಾಡುತ್ತೆ. ಅಮ್ಮನಿಗೆ ನಿಮ್ಮ ಮುಖ ಕಾಣದೇ ಇರೋದಕ್ಕೆ ಅವರ ಫೋನೇ ಕಾರಣ ಆಗಿರಬೇಕಾಗಿಲ್ಲ. ಇವತ್ತು ರಾತ್ರಿ ಹೀಗೆ ಕೂತು ಒಂದು ಕರೆ ಮಾಡಿ ನೋಡಿ, ಅಮ್ಮ ಏನಂತಾರೆ ಅಂತ ನಮಗೂ ಒಂದು ಮೆಸೇಜು ಹಾಕಿ.